ಚಂದ್ರತಾಲ್: ನಿಧಾನವಾಗಿ ತಲುಪಬೇಕಾದ ನೀರು

ಹಿಮಾಚಲದ ಬಾತಲ್‌ನ ಸೇತುವೆಯ ಮೇಲಿಂದ ಕಾಣುವ ಚಂದ್ರಾ ನದಿಗೆ ಬೂದಿ ಕಲಸಿದ ಬಣ್ಣ. ಬೇಸಿಗೆಯ ಮಧ್ಯಾಹ್ನ ಅದರ ನೀರನ್ನು ಲೋಟಕ್ಕೆ ತುಂಬಿಸಿಟ್ಟರೆ ತಳ ಕಾಣದಷ್ಟು ಬಗ್ಗಡ. ಅಲ್ಲಿಂದ 14 ಕಿಲೋಮೀಟರ್ ಮೇಲೆ, ಅದೇ ನದಿಯ ಮಗ್ಗುಲಲ್ಲಿರುವ ಚಂದ್ರತಾಲ್ ಸರೋವರದ್ದು ತಿಳಿನೀರು. ದಂಡೆಯಲ್ಲಿ ನಿಂತರೆ ನೀರಿನಡಿಯ ಕಲ್ಲುಗಳು ಒಂದೊಂದಾಗಿ ಕಾಣುತ್ತವೆ. ಕಣಿವೆ ಒಂದೇ, ಹಿಮವೂ ಒಂದೇ, ಹೆಸರು ಕೂಡ ಒಬ್ಬನೇ ಚಂದ್ರನದು. ನೀರು ಮಾತ್ರ ಎರಡು ಬಗೆ.

ಇದಕ್ಕೆ ಕಾರಣ ಹಿಮನದಿ. ಬಡಾ ಶಿಗ್ರಿ, ಸಮುದ್ರ ಟಾಪುವಿನಂಥ ದೊಡ್ಡ ಹಿಮನದಿಗಳು ತಮ್ಮದೇ ತೂಕಕ್ಕೆ ಜಾರುತ್ತಾ ಅಡಿಯ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತವೆ. ಹಾಗೆ ಉದುರುವ ಕಲ್ಲಿನ ಹಿಟ್ಟು ಎಷ್ಟು ನುಣುಪೆಂದರೆ ಹರಿಯುವ ನೀರಿನಲ್ಲಿ ಅದು ತಳ ಸೇರುವುದೇ ಇಲ್ಲ. ನದಿಯನ್ನು ಬೂದುಬಣ್ಣಕ್ಕೆ ತಿರುಗಿಸಿ ಉದ್ದಕ್ಕೂ ಜೊತೆಗೇ ಸಾಗುತ್ತದೆ. ಚಂದ್ರತಾಲ್‌ಗೆ ಅಂಥ ಹಿಮನದಿಯ ಬಾಯಿ ನೇರವಾಗಿ ತೆರೆದುಕೊಂಡಿಲ್ಲ. ಕಣ್ಣಿಗೆ ಬೀಳುವಂಥ ದೊಡ್ಡ ಒಳಹರಿವು ಅದಕ್ಕಿಲ್ಲ. ಸುತ್ತಲಿನ ಇಳಿಜಾರುಗಳ ಹಿಮ ಕರಗಿ, ನೆಲಕ್ಕಿಳಿದು, ಕಲ್ಲುಮಣ್ಣಿನೊಳಗೆ ಸೋಸಿಕೊಂಡು ಒರತೆಯಾಗಿ ಮೇಲೆ ಬರುತ್ತದೆ. ಹೊರಹರಿವು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ: ಒಂದು ತುದಿಯಿಂದ ಸಣ್ಣ ತೊರೆಯಾಗಿ ಹೊರಟು ಚಂದ್ರಾ ನದಿಯತ್ತ ಇಳಿಯುತ್ತದೆ. ಸಮುದ್ರ ಟಾಪು ಹಿಮನದಿಯ ಮೂತಿಯಲ್ಲಿ ನಿಂತಿರುವ ನೀರು ಬೇರೆ, ಚಂದ್ರತಾಲ್ ಬೇರೆ. ಇವೆರಡನ್ನೂ ಒಂದೇ ಎಂದು ಬರೆದಿರುವ ಪ್ರವಾಸಿ ಮಾಹಿತಿ ಬೇಕಾದಷ್ಟಿದೆ.

ನೀರಿನ ಬಣ್ಣದಿಂದಲೇ ಶುರುಮಾಡಿದ್ದಕ್ಕೆ ಕಾರಣವಿದೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬರುವವರಲ್ಲಿ ಹೆಚ್ಚಿನವರು ಚಂದ್ರತಾಲ್‌ನ ಮುಂದೆ ನಿಲ್ಲುವುದು ಒಂದೆರಡು ಗಂಟೆ. ಅದರಲ್ಲೂ ಅರ್ಧ ಹೊತ್ತು ತಲೆನೋವಿನಲ್ಲಿ ಕಳೆಯುತ್ತದೆ. ಈ ಸರೋವರ ನೋಡಲು ಬೇಕಾದದ್ದು ಒಳ್ಳೆಯ ಕ್ಯಾಮೆರಾವಲ್ಲ, ಹೆಚ್ಚಿಗೆ ಎರಡು ದಿನ. ಆ ಎರಡು ದಿನ ಎಲ್ಲಿ ಸೇರಿಸಬೇಕು, ಯಾಕೆ ಸೇರಿಸಬೇಕು ಎಂಬುದೇ ಈ ಬರಹದ ಬಹುಪಾಲು.

ಎತ್ತರದ ಲೆಕ್ಕ

ಚಂದ್ರತಾಲ್ ಹಿಮಾಚಲ ಪ್ರದೇಶದ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್ ಎತ್ತರದಲ್ಲಿದೆ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮನಾಲಿಯ ಪೇಟೆಬೀದಿಯೇ ಅದಕ್ಕಿಂತ ಎತ್ತರ, ಸುಮಾರು 2,050 ಮೀಟರ್. ಚಂದ್ರತಾಲ್ ಇರುವುದು ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ನಿಲ್ಲಿಸಿದರೂ ಮುಟ್ಟದ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 60ರಷ್ಟು. ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಆದರೆ ಒಂದು ಉಸಿರಿಗೆ ಒಳಬರುವ ಗಾಳಿಯೇ ತೆಳು. ಅದಕ್ಕೇ ಮೂರು ಮೆಟ್ಟಿಲು ಹತ್ತಿದರೂ ಏದುಸಿರು. ನೀರು ಕೂಡ ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಖಾಲಿಯಾದೀತು, ಬೇಳೆ ಬೆಂದಿರುವುದಿಲ್ಲ. ಸ್ವಂತ ಅಡುಗೆ ಮಾಡುವವರು ಸಣ್ಣ ಕುಕ್ಕರ್ ಒಯ್ಯಬೇಕು, ಇಲ್ಲವೇ ಅವಲಕ್ಕಿ, ಶಾವಿಗೆಯಂಥ ಬೇಗ ಬೇಯುವ ಪದಾರ್ಥ ನೆಚ್ಚಬೇಕು.

ಎತ್ತರಕ್ಕೆ ಒಗ್ಗಿಕೊಳ್ಳುವ ವಿಚಾರದಲ್ಲಿ ವೈದ್ಯರು ಒಪ್ಪಿರುವ ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಏಕೆಂದರೆ ನಿದ್ದೆಯಲ್ಲಿ ಉಸಿರಾಟ ನಿಧಾನವಾಗಿ, ರಕ್ತದ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ.

ಈಗ ಸಾಮಾನ್ಯವಾಗಿ ನಡೆಯುವುದನ್ನು ನೋಡಿ. ಶನಿವಾರ ಚಂಡೀಗಢಕ್ಕೆ ವಿಮಾನ, ರಾತ್ರಿ ಬಸ್ಸು, ಭಾನುವಾರ ಮನಾಲಿ, ಸೋಮವಾರ ಸಂಜೆ ಚಂದ್ರತಾಲ್‌ನ ಡೇರೆ. ಒಂದೇ ಹಗಲಿನಲ್ಲಿ ಮಲಗುವ ಎತ್ತರ 2,200 ಮೀಟರಿಗೂ ಹೆಚ್ಚು ಏರಿತು. 2020ರ ಅಕ್ಟೋಬರ್‌ನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಈ ಧಾವಂತ ಇನ್ನೂ ಸಲೀಸು. ಹಿಂದೆ 3,978 ಮೀಟರಿನ ರೋಹ್ತಾಂಗ್ ಕಣಿವೆಮಾರ್ಗದ ಏರಿನಲ್ಲೇ ದಿನದ ಅರ್ಧ ಕಳೆಯುತ್ತಿತ್ತು, ತಲೆ ಭಾರವಾದವರಿಗೆ ಅಲ್ಲೇ ಒಂದು ಸೂಚನೆ ಸಿಗುತ್ತಿತ್ತು. ಸುರಂಗ ಸಮಯ ಉಳಿಸಿತು. ಮೈಗೆ ಬೇಕಾದ ಸಮಯವನ್ನು ಅದು ಉಳಿಸಲಾರದು.

ಸರಿಯಾದ ದಾರಿ ಯಾವುದು? ಬಿಡುವು ಇದ್ದರೆ ಶಿಮ್ಲಾ, ಕಿನ್ನೌರ್ ಕಡೆಯಿಂದ ಬನ್ನಿ. ಕಲ್ಪಾ ಸುಮಾರು 2,960 ಮೀಟರ್, ತಾಬೊ 3,280, ಕಾಜಾ 3,650ರ ಆಸುಪಾಸು, ಲೋಸರ್ 4,080. ಪ್ರತಿ ರಾತ್ರಿಯೂ ಒಂದೊಂದು ಮೆಟ್ಟಿಲು. ಅಲ್ಲಿಂದ ಕುಂಜುಮ್ ಕಣಿವೆಮಾರ್ಗ ದಾಟಿ ಚಂದ್ರತಾಲ್‌ಗೆ ಬರುವ ಹೊತ್ತಿಗೆ ಮೈ ಒಗ್ಗಿರುತ್ತದೆ, ವಾಪಸು ಮನಾಲಿಗೆ ಇಳಿಯುವುದು ಸುಲಭ. ಎಂಟರಿಂದ ಹತ್ತು ದಿನ ಬೇಕು. ಅಷ್ಟು ರಜೆ ಇಲ್ಲದವರು ಮನಾಲಿಯಿಂದಲೇ ಬರುವುದಾದರೆ ಸುರಂಗದ ಆಚೆ ಸಿಸ್ಸುವಿನಲ್ಲೋ ಕೇಲಾಂಗ್‌ನಲ್ಲೋ, ಅಂದರೆ 3,100 ಮೀಟರಿನ ಸುತ್ತ, ಎರಡು ರಾತ್ರಿ ಕಡ್ಡಾಯವಾಗಿ ನಿಲ್ಲಿ. ಒಂದಲ್ಲ, ಎರಡು. ಅಲ್ಲಿಂದ ಚಂದ್ರತಾಲ್‌ಗೆ ಮತ್ತೂ 1,200 ಮೀಟರ್ ಏರಿಕೆ ಇರುವುದರಿಂದ ಇದೂ ನಿಯಮದ ಪ್ರಕಾರ ತೃಪ್ತಿಕರವಲ್ಲ, ಆದರೆ ಮನಾಲಿಯಿಂದ ನೇರ ಜಿಗಿಯುವುದಕ್ಕಿಂತ ಎಷ್ಟೋ ಮೇಲು. ಇನ್ನೊಂದು ದಾರಿ ಎಂದರೆ ಹಗಲು ಸರೋವರ ನೋಡಿ, ಸಂಜೆಗೆ ಛತ್ರುವಿಗೆ ಇಳಿದು ಮಲಗುವುದು. ಛತ್ರು ಸುಮಾರು 3,300 ಮೀಟರ್.

ಔಷಧದ ಬಗ್ಗೆ ಎರಡು ಮಾತು. ಅಸೆಟಜೋಲಮೈಡ್, ಅಂಗಡಿಯವರು ಡಯಾಮಾಕ್ಸ್ ಎಂದು ಕೊಡುವ ಮಾತ್ರೆ, ಮುನ್ನೆಚ್ಚರಿಕೆಗಾಗಿ ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಮಿನಂತೆ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಔಷಧಗಳು ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಳಿದವರೂ ಊರಿನಲ್ಲಿರುವಾಗಲೇ ಕೇಳಿಕೊಂಡು ಹೊರಡುವುದು ಒಳ್ಳೆಯದು. ಬೆರಳ ತುದಿ ಜುಮುಗುಟ್ಟುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಮಾತ್ರೆಯ ಗುಣವೇ ಹೊರತು ಕಾಯಿಲೆಯಲ್ಲ. ಈ ಮಾತ್ರೆ ಒಗ್ಗಿಕೊಳ್ಳುವಿಕೆಯನ್ನು ಚುರುಕು ಮಾಡುತ್ತದೆ, ಅದರ ಬದಲಿಗೆ ನಿಲ್ಲುವುದಿಲ್ಲ.

ಮನಾಲಿಯಲ್ಲಿ ಮಾರುವ ಆಮ್ಲಜನಕದ ಸಣ್ಣ ಡಬ್ಬಿ ನಂಬಬೇಡಿ. ಕೆಲವೇ ನಿಮಿಷದಲ್ಲಿ ಅದು ಮುಗಿಯುತ್ತದೆ, ರಾತ್ರಿಯೋ ಹತ್ತು ಗಂಟೆ ಉದ್ದದ್ದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಅರ್ಧ ಸತ್ಯವನ್ನೇ ಹೇಳುತ್ತದೆ: ಊರಿನಲ್ಲಿ ಗಾಬರಿ ಹುಟ್ಟಿಸುವ 85ರ ಆಸುಪಾಸಿನ ಅಂಕಿ ಆ ಎತ್ತರದಲ್ಲಿ ಆರೋಗ್ಯವಂತರಲ್ಲೂ ಮಾಮೂಲು, ಬೆರಳು ತಣ್ಣಗಿದ್ದರೆ ಇನ್ನೂ ಕಡಿಮೆ ತೋರಿಸುತ್ತದೆ. ಯಂತ್ರಕ್ಕಿಂತ ಮನುಷ್ಯನನ್ನು ನೋಡಿ. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು ಮೊದಲ ಹಂತ. ಆಗ ಮುಂದಕ್ಕೆ ಏರಬಾರದು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳಿನಲ್ಲಿ ಊತ ಶುರುವಾಗಿದೆ ಎಂದೇ ತಿಳಿಯಬೇಕು. ಸುಮ್ಮನೆ ಕೂತಾಗಲೂ ಉಸಿರು ಕಟ್ಟುವುದು, ಬಿಡದ ಕೆಮ್ಮು, ಕಫದಲ್ಲಿ ನಸುಗೆಂಪು ನೊರೆ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡಕ್ಕೂ ಮದ್ದು ಒಂದೇ: ತಕ್ಷಣ ಕೆಳಗಿಳಿಸುವುದು.

ಚಂದ್ರತಾಲ್‌ನ ನಿಜವಾದ ಅಪಾಯ ಇರುವುದೂ ಇಲ್ಲೇ. ಕಾಜಾದ ಕಡೆ ಹೋಗಬೇಕೆಂದರೆ ಮೊದಲು 4,551 ಮೀಟರಿನ ಕುಂಜುಮ್ ಏರಬೇಕು, ರೋಗಿಯನ್ನು ಇನ್ನೂ ಮೇಲಕ್ಕೆ ಒಯ್ದಂತಾಯಿತು. ಇಳಿಯುವ ದಾರಿ ಒಂದೇ, ಬಾತಲ್ ಮೇಲೆ ಛತ್ರುವಿಗೆ. ಆ ದಾರಿ ರಾತ್ರಿ ಹೊತ್ತು ಬಂಡೆ ಮತ್ತು ನೀರು. ಆಸ್ಪತ್ರೆ ಎಂಬುದು ಕೇಲಾಂಗ್‌ನಲ್ಲಿ ಅಥವಾ ಕಾಜಾದಲ್ಲಿ. ಆದ್ದರಿಂದ ಸಂಜೆ ನಾಲ್ಕರ ಹೊತ್ತಿಗೆ ಯಾರಿಗಾದರೂ ತಲೆನೋವಿನ ಜೊತೆ ವಾಂತಿ ಕಾಣಿಸಿಕೊಂಡರೆ ‘ಬೆಳಗ್ಗೆ ನೋಡೋಣ’ ಎನ್ನಬೇಡಿ. ಬೆಳಕಿರುವಾಗಲೇ ಇಳಿಸಿ.

ದಾರಿ, ನಾಲಾ, ಹೊತ್ತು

ಸುರಂಗದ ಉತ್ತರದ ಬಾಯಿಂದ ಹೊರಬಿದ್ದು ಬಲಕ್ಕೆ ತಿರುಗಿದರೆ ಕೋಕ್ಸರ್, ಆಮೇಲೆ ಗ್ರಾಂಫು. ಅಲ್ಲಿಂದ ಕಾಜಾ ಕಡೆಯ ರಾಷ್ಟ್ರೀಯ ಹೆದ್ದಾರಿ 505 ಶುರು. ಹೆದ್ದಾರಿ ಎಂಬ ಹೆಸರು ಕೇಳಿ ಮೋಸ ಹೋಗಬೇಡಿ. ಗ್ರಾಂಫುವಿನಿಂದ ಛತ್ರು, ಛೋಟಾ ದಾರಾ ಮೇಲೆ ಬಾತಲ್‌ವರೆಗಿನ 50 ಕಿಲೋಮೀಟರಿನ ಆಸುಪಾಸಿನ ದೂರಕ್ಕೆ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ಗುಂಡುಕಲ್ಲುಗಳ ಮೇಲೆ ಚಕ್ರ ಉರುಳುವ ದಾರಿ ಅದು. ಅಗಲಗೊಳಿಸುವ ಕೆಲಸ ನಡೆಯುತ್ತಲೇ ಇರುವುದರಿಂದ ಕೆಲವೆಡೆ ನುಣುಪು, ಕೆಲವೆಡೆ ಹಿಂದಿಗಿಂತ ಕೆಟ್ಟದ್ದು.

ಇಲ್ಲಿನ ಮುಖ್ಯ ಸಮಸ್ಯೆ ನಾಲಾಗಳು, ಅಂದರೆ ರಸ್ತೆಗೆ ಅಡ್ಡವಾಗಿ ಹರಿಯುವ ಹಿಮದ ತೊರೆಗಳು. ಇವುಗಳಿಗೆ ದಿನಚರಿ ಇದೆ. ರಾತ್ರಿಯ ಚಳಿಗೆ ಮೇಲಿನ ಹಿಮ ಹೆಪ್ಪುಗಟ್ಟಿ ಬೆಳಗ್ಗೆ ನೀರು ಕನಿಷ್ಠ. ಬಿಸಿಲೇರಿದಂತೆ ಕರಗು ಹೆಚ್ಚುತ್ತದೆ, ಆ ನೀರು ಇಳಿದು ಬರಲು ಕೆಲ ಗಂಟೆ ಹಿಡಿಯುತ್ತದೆ, ಮಧ್ಯಾಹ್ನ ಎರಡರಿಂದ ಸಂಜೆವರೆಗೆ ಉಬ್ಬರ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಸಂಜೆ ಮೊಣಕಾಲು ದಾಟಿರುತ್ತದೆ, ಜೊತೆಗೆ ಕಲ್ಲುಗಳನ್ನೂ ಉರುಳಿಸಿ ತಂದಿರುತ್ತದೆ. ಹಾಗಾಗಿ ಸಿಸ್ಸುವನ್ನು ಬೆಳಗ್ಗೆ ಐದೂವರೆಗೆ ಬಿಟ್ಟು ಹನ್ನೊಂದರೊಳಗೆ ಬಾತಲ್ ಮುಟ್ಟುವುದು ಜಾಣತನ. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್‌ನಲ್ಲಿ ಮಾತ್ರ ಈ ಲೆಕ್ಕ ಬದಲು: ರಸ್ತೆಯ ಮೇಲೆ ಹರಡಿದ ನೀರು ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಆಗ ಬಿಸಿಲು ಬಿದ್ದ ಮೇಲೆ ಹೊರಡಬೇಕು.

ದಾಟುವ ಮುನ್ನ ಇಳಿದು ನೋಡಿ. ಕೋಲು ಊರಿ ಆಳ ಅಳೆಯಿರಿ, ಹಿಂದಿನ ಗಾಡಿಯ ಚಕ್ರ ಹೋದ ಜಾಡು ಗಮನಿಸಿ. ನೀರು ನೊರೆಗಟ್ಟಿ ಹಾರುವ ಕಡೆ ಕಲ್ಲು ಮೇಲಿದೆ, ನಯವಾಗಿ ಕಾಣುವ ಕಡೆ ಹೆಚ್ಚಾಗಿ ಗುಂಡಿ. ಬೈಕಿನವರು ಮೊದಲ ಗೇರಿನಲ್ಲಿ, ಒಂದೇ ಸಮನೆ ಆಕ್ಸಿಲರೇಟರ್ ಹಿಡಿದು, ಕಣ್ಣು ಆಚೆ ದಡದ ಮೇಲಿಟ್ಟು ಹೋಗಬೇಕು. ನಡುವೆ ಕ್ಲಚ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಸೈಲೆನ್ಸರಿನಿಂದ ನೀರು ಒಳಹೋಗುತ್ತದೆ. ಬಿದ್ದು ಇಂಜಿನ್ ಮುಳುಗಿತೋ, ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗಿನ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಂದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ನೀರು ಹೊರಹಾಕಿ, ಏರ್ ಫಿಲ್ಟರ್ ಒಣಗಿಸಿ ಆಮೇಲೆ ಪ್ರಯತ್ನಿಸಿ. ತಳ ಕೆಳಗಿರುವ ಸಣ್ಣ ಕಾರುಗಳಲ್ಲಿ ಈ ದಾರಿಗೆ ಬರುವುದು ನನ್ನ ಪ್ರಕಾರ ತಪ್ಪು. ಆಯಿಲ್ ಸಂಪ್ ಕಲ್ಲಿಗೆ ತಾಗಿ ಬಿರುಕು ಬಿಟ್ಟರೆ ಅಲ್ಲಿ ಮೆಕ್ಯಾನಿಕ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ.

ಪೆಟ್ರೋಲ್ ಬಂಕ್ ಮನಾಲಿ ಬಿಟ್ಟರೆ ಕಾಜಾದಲ್ಲಿ. ಕೇಲಾಂಗ್ ಕಡೆ ಹೋದವರಿಗೆ ತಾಂದಿಯಲ್ಲಿ. ಮನಾಲಿ, ಕಾಜಾ ನಡುವೆ ಸುಮಾರು 200 ಕಿಲೋಮೀಟರ್, ಸರೋವರಕ್ಕೆ ಹೋಗಿ ಬರಲು ಇನ್ನೂ 28. ಪೂರ್ತಿ ದಾರಿ ಕೆಳಗಿನ ಗೇರುಗಳಲ್ಲೇ ಸಾಗುವುದರಿಂದ ಊರಿನ ಮೈಲೇಜಿನ ಲೆಕ್ಕ ಹಿಡಿಯಬೇಡಿ. ನಗದು ಇಟ್ಟುಕೊಳ್ಳಿ.

ಬಾತಲ್ ಎಂದರೆ ಊರಲ್ಲ, ಸುಮಾರು 3,960 ಮೀಟರಿನಲ್ಲಿ ಸೇತುವೆಯ ಬಳಿ ಇರುವ ಕೆಲವು ಢಾಬಾಗಳು. ದಾಲ್, ಅನ್ನ, ಬಿಸಿ ಚಹಾ, ಹೊದೆಯಲು ರಜಾಯಿ. ಹಿಮಕ್ಕೆ ದಾರಿ ಮುಚ್ಚಿದಾಗಲೆಲ್ಲ ಸಿಕ್ಕಿಬಿದ್ದವರನ್ನು ದಿನಗಟ್ಟಲೆ ಕಾಪಾಡಿರುವುದು ಈ ಕಲ್ಲುಗೋಡೆಯ ಢಾಬಾಗಳೇ. ಇಲ್ಲಿಂದ ಕುಂಜುಮ್ ರಸ್ತೆಯಲ್ಲಿ ಸ್ವಲ್ಪ ದೂರ ಏರಿದ ಮೇಲೆ ಎಡಕ್ಕೆ ಒಡೆಯುವ ಕಿರುದಾರಿಯೇ ಚಂದ್ರತಾಲ್‌ನದು. ಒಂದೇ ಗಾಡಿಯ ಅಗಲ, ಒಂದು ಬದಿ ಕುಸಿಯುವ ಇಳಿಜಾರು, ಇನ್ನೊಂದು ಬದಿ ನೂರಾರು ಅಡಿ ಕೆಳಗೆ ನದಿ. ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ಅಗಲದ ಜಾಗದವರೆಗೆ ಹಿಂದೆ ಸರಿಯಬೇಕು. ಏರುವ ಗಾಡಿಗೆ ದಾರಿ ಬಿಡುವುದು ಬೆಟ್ಟದ ರೂಢಿ. 14 ಕಿಲೋಮೀಟರಿಗೆ ಒಂದರಿಂದ ಒಂದೂವರೆ ಗಂಟೆ.

ದಂಡೆಯಲ್ಲಿ

ಸರೋವರದ ದಂಡೆಯಲ್ಲಿ ಡೇರೆ ಹಾಕುವಂತಿಲ್ಲ. ಚಂದ್ರತಾಲ್ 2005ರಲ್ಲಿ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಯ ಪಟ್ಟಿಗೆ ಸೇರಿದ ಜೌಗುಪ್ರದೇಶ, ಪಟ್ಟಿಯಲ್ಲಿರುವ ವಿಸ್ತೀರ್ಣ 49 ಹೆಕ್ಟೇರ್. ಬಿಡಾರಗಳೆಲ್ಲ ಕೆಲವು ಕಿಲೋಮೀಟರ್ ಹಿಂದೆಯೇ ಇವೆ. ಗಾಡಿ ನಿಲ್ಲಿಸುವ ಜಾಗದಿಂದ ನೀರಿನವರೆಗೆ ಇನ್ನೊಂದು ಕಿಲೋಮೀಟರಿನಷ್ಟು ನಡೆಯಬೇಕು. ಈ ನಿಯಮವನ್ನು ಗೊಣಗದೆ ಪಾಲಿಸಬೇಕು. ಇಂಥ ಎತ್ತರದಲ್ಲಿ ಕಸ ಕೊಳೆಯುವುದಿಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ನೆಲ ಹೆಪ್ಪುಗಟ್ಟಿರುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕೆಲಸ ಮಾಡಲು ಬೆಚ್ಚಗಿನ ದಿನಗಳೇ ಕಡಿಮೆ. ಕಿತ್ತಳೆ ಸಿಪ್ಪೆ ಕೂಡ ಹಲವು ಕಾಲ ಹಾಗೇ ಬಿದ್ದಿರುತ್ತದೆ. ಶೌಚಕ್ಕೆ ಬಿಡಾರದ ವ್ಯವಸ್ಥೆಯನ್ನೇ ಬಳಸಿ. ತೊರೆ, ಸರೋವರ ಎರಡರಿಂದಲೂ ದೂರವಿರಿ. ನೆಲದಡಿಯ ಒರತೆಯಿಂದಲೇ ಈ ಸರೋವರ ತುಂಬುತ್ತದೆ ಎಂಬುದನ್ನು ನೆನಪಿಟ್ಟರೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ನೀರಿಗಿಳಿಯುವುದು ಬೇಡ. ಲಾಹೌಲ್, ಸ್ಪಿತಿಯ ಜನರಿಗೆ ಇದು ಪೂಜ್ಯ ಜಲ, ಆ ಒಂದು ಕಾರಣವೇ ಸಾಕು. ದೇಹದ ಕಾರಣವೂ ಇದೆ. ಹಿಮದ ನೀರಿಗೆ ಮೈ ಮುಳುಗಿದ ಮೊದಲ ನಿಮಿಷದಲ್ಲಿ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ತಲೆ ನೀರೊಳಗಿದ್ದರೆ ಶ್ವಾಸಕೋಶಕ್ಕೆ ನೀರೇ ಹೋಗುತ್ತದೆ. ಆಮೇಲಿನ ಹತ್ತು ಹದಿನೈದು ನಿಮಿಷಗಳಲ್ಲಿ ಕೈಕಾಲಿನ ಸ್ನಾಯುಗಳು ಮಾತು ಕೇಳುವುದಿಲ್ಲ. ಚೆನ್ನಾಗಿ ಈಜು ಬಲ್ಲವರೂ ಇಂಥ ನೀರಿನಲ್ಲಿ ಮುಳುಗುವುದು ಹೀಗೆಯೇ.

ಸರೋವರ ಸುಮಾರು ಒಂದು ಕಿಲೋಮೀಟರ್ ಉದ್ದ, ಅರ್ಧ ಕಿಲೋಮೀಟರ್ ಅಗಲ. ಸುತ್ತು ಹಾಕಲು ಮೂರು ಕಿಲೋಮೀಟರಿನೊಳಗಿನ ನಡಿಗೆ, ಆ ಎತ್ತರದಲ್ಲಿ ಒಂದೂವರೆ ಗಂಟೆ. ಬೌದ್ಧರ ಪದ್ಧತಿಯಂತೆ ನೀರನ್ನು ಬಲಗೈ ಕಡೆ ಇಟ್ಟುಕೊಂಡು, ಪ್ರದಕ್ಷಿಣೆಯಾಗಿಯೇ ಸುತ್ತಿ. ಬಣ್ಣದ ಪ್ರಾರ್ಥನಾ ಪತಾಕೆಗಳಿರುವ ಕಡೆ ನಿಂತು ಫೋಟೊ ತೆಗೆದು ಹಿಂತಿರುಗುವವರಿಗೆ ಸರೋವರದ ಆಚೆಯ ಅರ್ಧ ಕಾಣುವುದೇ ಇಲ್ಲ. ಹೊರಹರಿವಿನ ತೊರೆ, ಕುರಿಗಳು ಮೇದ ಹುಲ್ಲುಗಾವಲು, ತಗ್ಗಿನ ಜೌಗು ಎಲ್ಲ ಸುತ್ತಿದವರಿಗಷ್ಟೇ ಸಿಗುತ್ತವೆ. ಜೌಗಿನ ಹಸಿರು ದಿಂಬುಗಳ ಮೇಲೆ ಕಾಲಿಡಬೇಡಿ. ಒಂದು ಹೆಜ್ಜೆಗೆ ನೊಂದ ಹುಲ್ಲುಪದರ ಚೇತರಿಸಿಕೊಳ್ಳಲು ಹಲವು ಬೇಸಿಗೆ ಬೇಕು.

ಹೊತ್ತು ಯಾವುದು? ಎರಡು ಮಾತಿಲ್ಲ, ಬೆಳಗಿನ ಜಾವ. ನದಿಯ ಆಚೆಗೆ ನಿಂತಿರುವ ಚಂದ್ರಭಾಗಾ ಸಾಲಿನ ಶಿಖರಗಳ ಮೇಲೆ, ಅದರಲ್ಲಿ 6,517 ಮೀಟರಿನ ಮುಲ್ಕಿಲಾ ಎಲ್ಲಕ್ಕಿಂತ ಎತ್ತರ, ಮೊದಲ ಬಿಸಿಲು ಬೀಳುತ್ತದೆ. ಆಗ ಗಾಳಿ ಇರುವುದಿಲ್ಲ, ನೀರು ಕನ್ನಡಿ. ಹತ್ತು ಗಂಟೆ ದಾಟಿದ ಮೇಲೆ ಇಳಿಜಾರುಗಳು ಕಾದು ಕಣಿವೆಯ ಗಾಳಿ ಏಳುತ್ತದೆ, ಪ್ರತಿಬಿಂಬ ಒಡೆದು ಹೋಗುತ್ತದೆ. ಮಧ್ಯಾಹ್ನ ಬಂದವರು ನೋಡುವುದು ಕಡುನೀಲಿಯ ಅಲೆನೀರು. ಅದೂ ಚೆಂದವೇ. ನೀಲಿಗೆ ಕಾರಣ ಬರೀ ಆಕಾಶವಲ್ಲ: ತಿಳಿನೀರಿನ ಆಳ ಬೆಳಕಿನ ಕೆಂಪನ್ನು ನುಂಗಿ ನೀಲಿ, ಹಸಿರನ್ನು ಹಿಂತಿರುಗಿಸುತ್ತದೆ. ದಂಡೆಯ ಬಳಿ ಪಚ್ಚೆ, ನಡುವೆ ಕಡುನೀಲಿ ಕಾಣುವುದು ಆಳದ ವ್ಯತ್ಯಾಸದಿಂದ. ಮೇಲಿನ ದಿಣ್ಣೆಯಿಂದ ನೋಡಿದರೆ ಈ ಪಟ್ಟೆಗಳೇ ಸರೋವರದ ತಳದ ನಕ್ಷೆ.

ಬೆಳಗಿನ ಆ ಹೊತ್ತಿನಲ್ಲಿ ಕಿವಿಗೊಟ್ಟರೆ ತುತ್ತೂರಿಯಂಥ ಕೂಗು ಕೇಳಬಹುದು. ಕಿತ್ತಳೆಗಂದು ಮೈ, ಮಾಸಲು ಬಿಳಿಯ ತಲೆ, ಸದಾ ಜೋಡಿ. ಅದೇ ಚಕ್ರವಾಕ, ಹಳಗನ್ನಡ ಕಾವ್ಯಗಳ ಜಕ್ಕವಕ್ಕಿ. ಇರುಳಾದರೆ ಜೋಡಿ ಅಗಲಿ, ಹೊಳೆಯ ಎರಡು ದಡದಲ್ಲಿ ಕೂತು ಒಂದನ್ನೊಂದು ಕೂಗಿ ಕರೆಯುತ್ತವೆ ಎಂದು ನಮ್ಮ ಕವಿಗಳು ಹಾಡಿದ ಹಕ್ಕಿ. ಚಳಿಗಾಲಕ್ಕೆ ಬಯಲಿಗಿಳಿಯುವ ಇವು ಕರ್ನಾಟಕದ ಕೆರೆಗಳಿಗೂ ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಅಂಥದ್ದೊಂದು, ಅದೂ ಈಗ ರಾಮ್ಸರ್ ಪಟ್ಟಿಯಲ್ಲಿದೆ. ಬೇಸಿಗೆಯಲ್ಲಿ ಇವು ಮರಿ ಮಾಡುವುದು ಹಿಮಾಲಯದ ಇಂಥ ನೀರುಗಳ ಬಳಿ. ಚಂದ್ರತಾಲ್‌ನ ಸುತ್ತಲಿನ ಕಲ್ಲುಹಾಸಿನಲ್ಲಿ ಇನ್ನೊಂದು ಹಕ್ಕಿಯೂ ಇದೆ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಕೆಂಪು ಕೊಕ್ಕು, ಪಕ್ಕೆಗೆ ಗೆರೆಗಳು. ಅದು ಚಕೋರ. ಬೆಳದಿಂಗಳುಂಡು ಬದುಕುತ್ತದೆಂದು ಕವಿಸಮಯ ಕಟ್ಟಿದ ಹಕ್ಕಿ ಚಂದ್ರನ ಹೆಸರಿನ ಕೊಳದ ದಂಡೆಯಲ್ಲಿ ಬೀಜ ಹೆಕ್ಕುತ್ತಿರುತ್ತದೆ. ಇವುಗಳನ್ನು ಕಾಣಬೇಕೆಂದರೆ ಬಿಡಾರದ ಜನ ಏಳುವ ಮೊದಲು ದಂಡೆಯಲ್ಲಿರಬೇಕು, ಸದ್ದಿಲ್ಲದೆ ಕೂರಬೇಕು. ಡ್ರೋನ್ ಹಾರಿಸಿದರೆ ಜಕ್ಕವಕ್ಕಿ ಮರಿಗಳನ್ನು ಬಿಟ್ಟು ಎದ್ದು ಹಾರುತ್ತದೆ. ದಯವಿಟ್ಟು ಒಯ್ಯಬೇಡಿ.

ರಾತ್ರಿಯದು ಬೇರೆಯದೇ ಸೊಗಸು. ಅಮಾವಾಸ್ಯೆಯ ಆಸುಪಾಸಿನ ಜುಲೈ, ಆಗಸ್ಟ್ ರಾತ್ರಿಗಳಲ್ಲಿ ಮೋಡವಿಲ್ಲದಿದ್ದರೆ ಆಕಾಶಗಂಗೆ ಅಡ್ಡಲಾಗಿ ಚೆಲ್ಲಿರುತ್ತದೆ. ಬೆಳದಿಂಗಳ ಚಂದ್ರತಾಲ್ ಬೇಕೋ ನಕ್ಷತ್ರಗಳ ಚಂದ್ರತಾಲ್ ಬೇಕೋ ಎಂಬುದನ್ನು ಪಂಚಾಂಗ ನೋಡಿ ಮೊದಲೇ ತೀರ್ಮಾನಿಸಿ, ಎರಡೂ ಒಟ್ಟಿಗೆ ಸಿಗುವುದಿಲ್ಲ. ನಡುಬೇಸಿಗೆಯಲ್ಲೂ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ, ಸೆಪ್ಟೆಂಬರ್ ಕಳೆಯುವಾಗ ಸೊನ್ನೆಗಿಂತ ಕೆಳಗೆ. ಮೈಗೆ ಅಂಟುವ ಉಣ್ಣೆ ಅಥವಾ ಸಿಂಥೆಟಿಕ್ ಒಳಉಡುಪು, ಮೇಲೆ ಫ್ಲೀಸ್, ಅದರ ಮೇಲೆ ಗರಿ ತುಂಬಿದ ಜಾಕೆಟ್, ಹೊರಗೆ ಗಾಳಿ ತಡೆಯುವ ಪದರ. ಒಂದು ದಪ್ಪ ಸ್ವೆಟರಿಗಿಂತ ಇಂಥ ಪದರಗಳೇ ಕೆಲಸಕ್ಕೆ ಬರುವುದು. ಹತ್ತಿಯ ಟೀ-ಶರ್ಟ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಬಿಸಿಲು ಇಳಿದ ಕೂಡಲೇ ಅದೇ ನಡುಕ ತರುತ್ತದೆ. ಫೋನ್, ಕ್ಯಾಮೆರಾದ ಬ್ಯಾಟರಿಗಳನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ, ಚಳಿಗೆ ಅವು ಬೇಗ ಬರಿದಾಗುತ್ತವೆ. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು ಕುಡಿಯಿರಿ, ಒಣಗಾಳಿ ಪ್ರತಿ ಉಸಿರಿಗೂ ಮೈಯ ತೇವ ಕದಿಯುತ್ತದೆ. ಪ್ರತಿ ಸಾವಿರ ಮೀಟರಿಗೆ ನೇರಳಾತೀತ ಕಿರಣ ಶೇಕಡ ಹತ್ತರಷ್ಟು ಹೆಚ್ಚುವುದರಿಂದ ಚಳಿಯಲ್ಲೂ ಚರ್ಮ ಸುಡುತ್ತದೆ. ಕಪ್ಪು ಕನ್ನಡಕ ಇಲ್ಲದೆ ಹಿಮದ ಮೇಲೆ ನಡೆಯಬಾರದು.

ಸರೋವರದ ಆಚೆ

ಬಹಳ ಜನ ಇಲ್ಲಿಂದಲೇ ತಿರುಗುತ್ತಾರೆ. ಇನ್ನೊಂದು ದಿನ ಉಳಿಸಿಕೊಂಡವರಿಗೆ ಸುತ್ತಲಿನ ಬೆಟ್ಟಗಳಲ್ಲಿ ಮೂರು ನಡಿಗೆಗಳಿವೆ.

ಎಲ್ಲಕ್ಕಿಂತ ಸುಲಭದ್ದು ಸರೋವರದ ಪಕ್ಕದ ದಿಣ್ಣೆ. ಇನ್ನೂರು ಮುನ್ನೂರು ಮೀಟರ್ ಏರಿದರೆ ಒಂದೇ ನೋಟದಲ್ಲಿ ತಿಳಿನೀಲಿ ಸರೋವರ, ಬೂದು ನದಿ, ನದಿಯಾಚೆ ಸಮುದ್ರ ಟಾಪು ಹಿಮನದಿಯ ಬಯಲು. ಹಿಂದೆ ಹಿಮ ಎಲ್ಲಿಯವರೆಗೆ ಚಾಚಿತ್ತು ಎಂಬುದನ್ನು ಎರಡೂ ಬದಿಯ ಕಲ್ಲುಮಣ್ಣಿನ ಏರಿಗಳು ತೋರಿಸುತ್ತವೆ. 1962ರಿಂದ 2000ದವರೆಗಿನ 38 ವರ್ಷಗಳಲ್ಲಿ ಈ ಹಿಮನದಿ ಸುಮಾರು 742 ಮೀಟರ್ ಹಿಂದೆ ಸರಿದಿದೆ ಎಂದು ಉಪಗ್ರಹ ಚಿತ್ರಗಳನ್ನು ಆಧರಿಸಿದ ಅಧ್ಯಯನ ಲೆಕ್ಕ ಹಾಕಿತ್ತು. ಆ ಅಧ್ಯಯನದ ಮುಂದಾಳು ಅನಿಲ್ ಕುಲಕರ್ಣಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲಿ ಹಿಮನದಿಗಳ ಸಂಶೋಧನೆ ಮುಂದುವರಿಸಿದವರು. ವರ್ಷಕ್ಕೆ 19.5 ಮೀಟರ್ ಎಂಬ ಸರಾಸರಿ ಕಾಗದದ ಮೇಲೆ ಬರೀ ಅಂಕಿ. ದಿಣ್ಣೆಯ ಮೇಲೆ ನಿಂತವರಿಗೆ ಅದು ಬರಿದಾದ ಒಂದು ಬಯಲು.

ಎರಡನೆಯದು ಕುಂಜುಮ್‌ನಿಂದ ಸರೋವರಕ್ಕೆ ಕುರಿಗಾಹಿಗಳ ಕಾಲುದಾರಿ, ಸುಮಾರು 8 ಕಿಲೋಮೀಟರ್. ಕಾಜಾ ಕಡೆಯಿಂದ ಬರುವವರು ಕುಂಜುಮ್ ದೇವಿಯ ಗುಡಿಯ ಬಳಿ ಗಾಡಿಯಿಂದಿಳಿದು, ಗಾಡಿಯನ್ನು ಬಾತಲ್ ಮೇಲೆ ಕಳಿಸಿ, ತಾವು ನಡೆದು ಬರಬಹುದು. ಒಟ್ಟಿನಲ್ಲಿ ಇಳಿಜಾರಾದರೂ ನಡುವೆ ತೊರೆಗಳಿವೆ, ಜೂನ್‌ನಲ್ಲಿ ಓರೆ ಇಳಿಜಾರಿನ ಮೇಲೆ ಗಟ್ಟಿಹಿಮ ಉಳಿದಿರುತ್ತದೆ. ಅಲ್ಲಿ ಜಾರಿದರೆ ನಿಲ್ಲಲು ಆಸರೆಯಿಲ್ಲ. ಜುಲೈ ನಡುವಿನ ನಂತರವೇ ಸರಿ. ದಾರಿಯಲ್ಲಿ ಗದ್ದಿ ಕುರಿಗಾಹಿಗಳ ಮಂದೆ ಎದುರಾದರೆ ದೂರದಲ್ಲೇ ನಿಂತು ಅವರನ್ನು ಕೂಗಿ. ಕಾಂಗ್ಡಾ, ಚಂಬಾ ಕಡೆಯಿಂದ ಕಣಿವೆಮಾರ್ಗಗಳನ್ನು ದಾಟಿ ಬೇಸಿಗೆಗೆ ಇಲ್ಲಿಗೆ ಬರುವವರು ಅವರು. ಅವರ ನಾಯಿಗಳು ಕರಡಿ, ಚಿರತೆಗೂ ಹೆದರದವು, ಒಡೆಯ ಗದರಿಸುವವರೆಗೆ ಅಪರಿಚಿತರನ್ನು ಬಿಡುವುದಿಲ್ಲ.

ಮೂರನೆಯದೇ ಇಲ್ಲಿನ ನಿಜವಾದ ನಡಿಗೆ: ಚಂದ್ರಾ ನದಿಯ ಜೊತೆಗೆ ಮೇಲಕ್ಕೆ, ಬಾರಾಲಾಚಾ ಕಣಿವೆಮಾರ್ಗದವರೆಗೆ. ಮೂರು ದಿನ. ಮೊದಲ ಬಿಡಾರ ಟೋಕ್ಪೊ ಯೋಗ್ಮಾ, ಎರಡನೆಯದು ಟೋಕ್ಪೊ ಗೋಂಗ್ಮಾ. ಆ ಕಡೆಯ ಮಾತಿನಲ್ಲಿ ಟೋಕ್ಪೊ ಎಂದರೆ ತೊರೆ. ಯೋಗ್ಮಾ ಕೆಳಗಿನದು, ಗೋಂಗ್ಮಾ ಮೇಲಿನದು. ಹೆಸರೇ ಎಚ್ಚರಿಕೆ: ಈ ಎರಡು ತೊರೆಗಳನ್ನು ದಾಟುವುದೇ ನಡಿಗೆಯ ಕಠಿಣ ಭಾಗ. ಬಿಡಾರ ತೊರೆಯ ಈಚೆ ಹಾಕಿ, ಬೆಳಗ್ಗೆ ಆರಕ್ಕೆ ದಾಟಬೇಕು. ಬೂಟು ಬಿಚ್ಚಿ, ಬರಿಗಾಲಲ್ಲೂ ಅಲ್ಲ, ಪಟ್ಟಿಯ ಸ್ಯಾಂಡಲ್ ತೊಟ್ಟು. ಬೆನ್ನಚೀಲದ ಸೊಂಟದ ಬಕಲ್ ಬಿಚ್ಚಿಟ್ಟಿರಬೇಕು, ಬಿದ್ದರೆ ಚೀಲವನ್ನು ಕಳಚಿ ಬಿಡಲು. ಮುಖ ಪ್ರವಾಹದ ಕಡೆ, ಕೋಲು ಮುಂದೆ, ಒಂದು ಸಲಕ್ಕೆ ಒಂದೇ ಕಾಲು ಎತ್ತುವುದು, ಮೂವರು ಹೆಗಲು ಹಿಡಿದು ಒಟ್ಟಿಗೆ ದಾಟಿದರೆ ಇನ್ನೂ ಭದ್ರ. ಮಾರ್ಗ ಬಲ್ಲ ಸ್ಥಳೀಯರಿಲ್ಲದೆ ಹೋಗಲೇಬಾರದ ದಾರಿಯಿದು.

ಮೂರನೆಯ ದಿನ 4,890 ಮೀಟರಿನ ಬಾರಾಲಾಚಾ ತಲುಪಿದರೆ ಅದರ ಆಚೆ ಮಗ್ಗುಲಲ್ಲಿ ಸೂರಜ್ ತಾಲ್, ಭಾಗಾ ನದಿಯ ಹುಟ್ಟು. ಚಂದ್ರನ ಮಗಳು ಚಂದ್ರಾ, ಸೂರ್ಯನ ಮಗ ಭಾಗಾ, ಇಬ್ಬರೂ ಪ್ರೀತಿಸಿ, ಬಾರಾಲಾಚಾದಿಂದ ಎರಡು ದಿಕ್ಕಿಗೆ ಓಡಿ ತಾಂದಿಯಲ್ಲಿ ಕೂಡೋಣವೆಂದು ಒಪ್ಪಂದ ಮಾಡಿಕೊಂಡರಂತೆ, ಲಾಹೌಲಿಗರು ಹೇಳುವ ಕತೆ. ಭೂಪಟ ತೆರೆದು ನೋಡಿದರೆ ಎರಡೂ ನದಿಗಳು ಬೆಟ್ಟದ ಸಾಲನ್ನು ಎರಡು ಬದಿಯಿಂದ ಬಳಸಿ ಒಂದೆಡೆ ಸೇರುವ ಪರಿ ಕತೆಯಲ್ಲಿ ಹೇಳಿದಂತೆಯೇ ಇದೆ.

ಋತುವಿನ ಮಾತು ಕೊನೆಗೆ ಉಳಿಯಿತು. ಕುಂಜುಮ್ ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ನಲ್ಲೋ ತೆರೆದು, ಅಕ್ಟೋಬರ್ ನಡುವಿನಿಂದ ಮುಚ್ಚುವ ದಿನ ಎಣಿಸುತ್ತದೆ. ಜೂನ್ ಮೊದಲ ವಾರಗಳಲ್ಲಿ ಸರೋವರದ ಮೇಲೆ ಮಂಜುಗಡ್ಡೆ ಉಳಿದಿರಬಹುದು. ಜುಲೈ, ಆಗಸ್ಟ್ ಹೂಗಳ ಕಾಲ. ಲಾಹೌಲ್ ಮಳೆನೆರಳಿನಲ್ಲಿದ್ದರೂ ಮನಾಲಿಯ ಕಡೆ ಮುಂಗಾರು ಗುಡ್ಡ ಕುಸಿಸುತ್ತದೆ. ಸೆಪ್ಟೆಂಬರ್‌ನ ಮೊದಲ ಮೂರು ವಾರ ನನ್ನ ಆಯ್ಕೆ: ತೊರೆಗಳು ಇಳಿದಿರುತ್ತವೆ, ಗಾಳಿ ಶುಭ್ರ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಆದರೂ ಹಿಮಕ್ಕೆ ತಿಂಗಳ ಲೆಕ್ಕ ಗೊತ್ತಿಲ್ಲ. 2023ರ ಜುಲೈನಲ್ಲಿ, ನಡುಬೇಸಿಗೆಯಲ್ಲೇ, ಹಿಮ ಬಿದ್ದು ಇನ್ನೂರೈವತ್ತಕ್ಕೂ ಹೆಚ್ಚು ಪ್ರವಾಸಿಗರು ಚಂದ್ರತಾಲ್‌ನ ಬಿಡಾರಗಳಲ್ಲಿ ದಿನಗಟ್ಟಲೆ ಸಿಕ್ಕಿಕೊಂಡರು. ರಸ್ತೆಯ ಹಿಮ ಸರಿಸಿ ಅವರನ್ನು ಕರೆತರಬೇಕಾಯಿತು. ವಾಪಸಿನ ವಿಮಾನಕ್ಕೆ ಮೊದಲು ಎರಡು ದಿನ ಖಾಲಿ ಬಿಟ್ಟುಕೊಳ್ಳಿ, ವಾರದ ಮಾತ್ರೆಗಳನ್ನು ಎರಡು ವಾರಕ್ಕಾಗುವಷ್ಟು ಒಯ್ಯಿರಿ, ಹೊರಡುವ ಮುನ್ನ ಹಿಂತಿರುಗುವ ದಿನಾಂಕವನ್ನು ಮನೆಯವರಿಗೆ ಎರಡು ದಿನ ಮುಂದಕ್ಕೆ ಹಾಕಿ ಹೇಳಿ.

ಹಿಂತಿರುಗುವಾಗ ಸುರಂಗದ ಬಾಯಿಯಲ್ಲಿ ಎಡಕ್ಕೆ ಒಳಹೋಗುವ ಬದಲು ನೇರ ಕೇಲಾಂಗ್ ಕಡೆ ಒಂದು ಗಂಟೆ ಹೋದರೆ ತಾಂದಿ. ಬಂಕಿನಲ್ಲಿ ಪೆಟ್ರೋಲ್ ತುಂಬಿಸಿ ಸಂಗಮದ ದಡಕ್ಕೆ ನಡೆದು ಹೋಗಿ. ಲಾಹೌಲಿಗರು ತಮ್ಮವರ ಅಸ್ಥಿ ಬಿಡುವ ಜಾಗವದು, ದನಿ ತಗ್ಗಿಸಿ ನಿಲ್ಲಿ. ಒಂದು ಬದಿಯಿಂದ ಭಾಗಾ, ಇನ್ನೊಂದು ಬದಿಯಿಂದ ಚಂದ್ರಾ. ಇಲ್ಲಿಂದ ಮುಂದೆ ನದಿಯ ಹೆಸರು ಚಂದ್ರಭಾಗಾ, ಇನ್ನೂ ಕೆಳಗೆ ಚಿನಾಬ್. ಚಂದ್ರತಾಲ್‌ನ ತುದಿಯಿಂದ ತಿಳಿಯಾಗಿ ಹೊರಟಿದ್ದ ಸಣ್ಣ ತೊರೆಯ ನೀರೂ ಆ ಬೂದು ಹರಿವಿನಲ್ಲಿ ಎಲ್ಲೋ ಸಾಗುತ್ತಿರುತ್ತದೆ.